ಅಪ್‌ಡೇಟ್: ಸಮನ್ಸ್ ಮುಟ್ಟಿಸಲು 45 ದಿನ ಹೆಚ್ಚು ಸಿಕ್ಕಿತು

ಎರಡು ವಾರದ ಹಿಂದೆ ಕೇಳಿದ್ದೆ: ಬಾಕಿ ಸಂಬಳಕ್ಕಾಗಿ ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ವಕೀಲರಿಲ್ಲದೆ ನಾನೇ ಹಾಕಿದ ಕೇಸು. ಇಬ್ಬರು ಪ್ರತಿವಾದಿಗಳಲ್ಲಿ ಒಬ್ಬರು ಮನೆ ಬದಲಿಸಿ ಮಾಯ. ಕೇಸು ಹಾಕಿದ ಮೇಲೆ ಸಮನ್ಸ್ ಮುಟ್ಟಿಸಲು ರೂಲ್ 4(ಎಂ) (ಫೆಡರಲ್ ಕೋರ್ಟುಗಳ ಸಿವಿಲ್ ನಿಯಮ) ಕೊಡುವ 90 ದಿನದಲ್ಲಿ ಉಳಿದಿದ್ದು ಒಂಬತ್ತೇ, ಏನು ಮಾಡಲಿ ಅಂತ.

ಕೆಲಸಕ್ಕೆ ಬಂದದ್ದು "ಗಡುವು ಮುಗಿಯುವ ಮೊದಲೇ ಅರ್ಜಿ ಹಾಕಿ, ಪಟ್ಟ ಪಾಡನ್ನು ತಾರೀಖಿನ ಸಮೇತ ಬರೆಯಿರಿ" ಎಂಬ ಸಲಹೆ. ಸರಿಯಾದ ಕಾರಣ ತೋರಿಸಿದರೆ ಕೋರ್ಟು ಸಮಯ ಕೊಡಲೇಬೇಕಂತೆ. ಸರ್ವರ್ (ಸಮನ್ಸ್ ಮುಟ್ಟಿಸುವವರು) ಎಷ್ಟು ಸಲ, ಯಾವ ಹೊತ್ತಿಗೆ ಬಾಗಿಲು ತಟ್ಟಿದರು, ಪಕ್ಕದ ಮನೆಯವರು ಏನಂದರು, ಎಲ್ಲ ಅವರ ಪ್ರಮಾಣಪತ್ರದಲ್ಲಿತ್ತು. ಜಡ್ಜ್ ಆದೇಶ ಎರಡೇ ಸಾಲು!

ವೇವರ್ ಫಾರಂ (ಸಮನ್ಸ್ ಕೈಗೆ ಮುಟ್ಟಿಸುವುದು ಬೇಡ ಎಂದು ಪ್ರತಿವಾದಿ ಸಹಿ ಹಾಕುವ ಫಾರಂ) ಅರ್ಧ ಫಲಿಸಿತು. ಉತ್ತರ ಕೊಡಲು 21ರ ಬದಲು 60 ದಿನ ಸಿಗುತ್ತದಲ್ವಾ, ಒಬ್ಬರು ಖುಷಿಯಿಂದ ಸಹಿ ಹಾಕಿದರು. ಮಾಯವಾದವರಿಗೆ ಕಳಿಸಿದ್ದು ವಾಪಸ್ ಬಂತು. "ನೀವೇ ಹೋಗಿ ಕೈಗೆ ಕೊಡಿ" ಎಂದಿದ್ದರು ಕೆಲವರು. ಅದು ನಡೆಯುವುದಿಲ್ಲ, ಕೇಸಿಗೆ ಸೇರದ, 18 ತುಂಬಿದ ಬೇರೆಯವರೇ ಕೊಡಬೇಕು.

ಹಳೆಯ ಬರಹಗಳಲ್ಲಿ 120 ದಿನ ಅಂತಿದ್ದರೆ ನಂಬಬೇಡಿ, 2015ರ ಡಿಸೆಂಬರ್‌ನಿಂದ 90. ಇನ್ನೊಂದು ತಮಾಷೆ: ಆಸಾಮಿ ಬೆಂಗಳೂರಿಗೇ ಹೋಗಿ ಕೂತಿದ್ದರೆ ಈ ಗಡುವೇ ಇರುತ್ತಿರಲಿಲ್ಲ. ಹೊರದೇಶದಲ್ಲಿ ಮುಟ್ಟಿಸುವುದಕ್ಕೆ ಅದು ಅನ್ವಯಿಸುವುದಿಲ್ಲ.

ಹೊಸ ವಿಳಾಸ ಸಿಕ್ಕಿದೆ. ಶನಿವಾರ ಸರ್ವರ್ ಹೋಗುತ್ತಾರೆ.