ಸಹಾಯ ಬೇಕು: ಗುಜರಿಯಲ್ಲಿ ಸಿಕ್ಕ ಹಳೇ ಕ್ರಿಕೆಟ್ ಕಾರ್ಡ್, ಗ್ರೇಡಿಂಗ್‌ಗೆ ಕಳಿಸಬಹುದಾ?

ಎಲ್ಲರಿಗೂ ನಮಸ್ಕಾರ, ನಾನು ತುಮಕೂರಿನವನು. ಹೋದ ವಾರ ಮಂಡಿಪೇಟೆ ಕಡೆ ಗುಜರಿ ಅಂಗಡಿಯಲ್ಲಿ ಒಂದು ಹಳೇ ಬಿಸ್ಕತ್ ಡಬ್ಬಿ ಸಿಕ್ಕಿತು, ಒಳಗೆ ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳು, ಅವುಗಳ ಅಡಿಯಲ್ಲಿ 1996ರ ಫ್ಯೂಚೆರಾ ಕಂಪನಿಯ ಕ್ರಿಕೆಟ್ ಕಾರ್ಡ್‌ಗಳು ಹನ್ನೊಂದು. ಒಂದರಲ್ಲಿ ಸಚಿನ್! ಎಲ್ಲಾ ಸೇರಿ 150 ರೂಪಾಯಿ. ಚೌಕಾಸಿ ಮಾಡೋಕೂ ಮನಸ್ಸು ಬರಲಿಲ್ಲ.

ಗೆಳೆಯನೊಬ್ಬ 20 ರೂಪಾಯಿಗೆ ತಗೊಂಡ ಕಾರ್ಡ್‌ಗೆ ಪಿಎಸ್‌ಎ (ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡೋ, ಅಂದ್ರೆ ಗ್ರೇಡಿಂಗ್ ಮಾಡೋ ಅಮೆರಿಕದ ಕಂಪನಿ) 8 ಅಂಕ ಕೊಟ್ಟಿದೆ, ಅದಕ್ಕೇ ನನಗೂ ಆಸೆ. 1ರಿಂದ 10ರವರೆಗೆ ಅಂಕ, ಮೂಲೆ, ಅಂಚು, ಮೇಲ್ಮೈ ನೋಡ್ತಾರೆ, ಚಿತ್ರ ಸರಿಯಾಗಿ ಮಧ್ಯದಲ್ಲಿದೆಯಾ ಅಂತಲೂ ನೋಡ್ತಾರೆ ಅನ್ನೋದು ಗೊತ್ತು. ಅಂಚು ಕತ್ತರಿಸಿದ್ದರೆ ಅಂಕವೇ ಇಲ್ಲ.

ಸಚಿನ್ ಕಾರ್ಡಿನ ಮೂಲೆಗಳು ಚೂಪಾಗಿವೆ, ಆದರೆ ಎಡಗಡೆ ಬಿಳಿ ಅಂಚು ಸ್ವಲ್ಪ ಜಾಸ್ತಿ. ಹಿಂದೆ ಒಂದು ಸಣ್ಣ ಕಲೆ. ನಮ್ಮಮ್ಮ ಒದ್ದೆ ಬಟ್ಟೆ ಹಿಡ್ಕೊಂಡು ಬಂದಿದ್ದರು, ಪುಣ್ಯಕ್ಕೆ ತಡೆದೆ.

ಅಮೆರಿಕಕ್ಕೆ ಇಲ್ಲಿಂದ ಕಳಿಸಿದವರು ಯಾರಾದರೂ ಇದ್ದೀರಾ? ಒಟ್ಟು ಖರ್ಚು ಎಷ್ಟಾಯಿತು, ಕಸ್ಟಮ್ಸ್‌ನಲ್ಲಿ ತೊಂದರೆ ಆಯ್ತಾ? ಒಂದೇ ಕಾರ್ಡ್ ಕಳಿಸೋದು ದಂಡ ಅಲ್ವಾ? ತುಮಕೂರು, ಸಿರಾ ಕಡೆಯವರು ಇದ್ದರೆ ಒಟ್ಟಿಗೆ ಕಳಿಸೋಣ. ಫೋಟೋ ಕೆಳಗೆ ಹಾಕಿದ್ದೀನಿ.