ಅಪ್ಪನ ಡಬ್ಬಿಯ ಹಾಫ್ ಡಾಲರ್‌ಗಳು: ಯಾವುದಕ್ಕೆ ಬೆಲೆ?

ಪ್ರಶ್ನೆ: ನಮಸ್ಕಾರ ಸರ್. ನಾವಿರೋದು ನ್ಯೂಜೆರ್ಸಿಯಲ್ಲಿ. ಅಪ್ಪ ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದವರು, ಕೈಗೆ ಸಿಕ್ಕ ಹಾಫ್ ಡಾಲರ್‌ಗಳನ್ನೆಲ್ಲ ಬಿಸ್ಕತ್ ಡಬ್ಬಿಗೆ ಹಾಕಿಡ್ತಿದ್ರು. ಹೆಚ್ಚಿನವು ಕೆನಡಿ ಚಿತ್ರದವು: 1964, 1967, 1974, ಜೊತೆಗೆ 1776–1976 ಅಂತ ಎರಡು ಇಸವಿ ಇರೋವು ನಾಲ್ಕು. ಫ್ರಾಂಕ್ಲಿನ್ 1957 ಒಂದು. ಸೂರ್ಯನ ಕಡೆ ನಡೆದು ಹೋಗೋ ಹೆಂಗಸಿನ ಚಿತ್ರದ್ದು ಒಂದು, 1938. ಎರಡು ಇಸವಿಯವೇ ಎಲ್ಲಕ್ಕಿಂತ ಹಳೇವು ಅಲ್ವಾ? ಮ್ಯಾಗ್ನೆಟ್‌ಗೆ ಯಾವುದೂ ಅಂಟಲಿಲ್ಲ, ಹಾಗಾದ್ರೆ ಎಲ್ಲವೂ ಬೆಳ್ಳಿನಾ? ಅಮ್ಮ ಹುಣಸೆಹಣ್ಣು ಹಾಕಿ ಬೆಳಗಿಕೊಡ್ತೀನಿ ಅಂತಿದ್ದಾರೆ.

ಉತ್ತರ: ಮೊದಲು ಅಮ್ಮನವರನ್ನು ತಡೀರಿ! ಹುಣಸೆಹಣ್ಣು ದೀಪಕ್ಕೆ ಸರಿ. ಉಜ್ಜಿದ ನಾಣ್ಯವನ್ನು ಸಂಗ್ರಾಹಕರು ದೂರದಿಂದಲೇ ಗುರುತಿಸಿ ಬೆಲೆ ಇಳಿಸ್ತಾರೆ. ಕಪ್ಪಾಗಿದ್ರೆ ಕಪ್ಪಾಗೇ ಇರಲಿ.

ನಿಮ್ಮ ಎರಡು ಇಸವಿಯವು ಅಮೆರಿಕದ ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆ ಹೊಡೆದವು. ಕೋಟಿಗಟ್ಟಲೆ ಬಂದವು, ಬಳಸಿದ್ದಕ್ಕೆ ಅರ್ಧ ಡಾಲರೇ ಬೆಲೆ. ಎಸ್ ಅಕ್ಷರದ ಗುರುತು (ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯದು) ಇರೋದನ್ನು ಮಾತ್ರ ಪಕ್ಕಕ್ಕಿಡಿ. ಸಂಗ್ರಾಹಕರಿಗಾಗಿ ಬೆಳ್ಳಿ ಬೆರೆಸಿ ಮಾಡಿದ್ದೂ ಇದೆ.

ಮ್ಯಾಗ್ನೆಟ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಬೆಳ್ಳಿಯೂ ಅಂಟಲ್ಲ, ತಾಮ್ರ-ನಿಕ್ಕಲ್ಲೂ ಅಂಟಲ್ಲ. ಕಬ್ಬಿಣದ ನಕಲಿ ಮಾತ್ರ ಸಿಕ್ಕಿಬೀಳುತ್ತೆ. ಅಂಚು ನೋಡಿ, ಆಮೇಲೆ ಗ್ರಾಂ ತಕ್ಕಡಿಯಲ್ಲಿ ತೂಗಿ. 1964ರವರೆಗಿನದು 90% ಬೆಳ್ಳಿ, ಹೊಸದರಲ್ಲಿ 12.5 ಗ್ರಾಂ, ಅಂಚು ಪೂರ್ತಿ ಬಿಳಿ. ಅದರಲ್ಲಿ ಬೆಳ್ಳಿ 11.25 ಗ್ರಾಂ, ಅಂದರೆ 0.3617 ಔನ್ಸ್ (ಬೆಳ್ಳಿ ತೂಗೋ ಟ್ರಾಯ್ ಔನ್ಸ್, ಸುಮಾರು 31.1 ಗ್ರಾಂ). ಅವತ್ತಿನ ಔನ್ಸ್ ಬೆಲೆಯಿಂದ ಗುಣಿಸಿ, ಅದಕ್ಕಿಂತ ತೀರಾ ಕಡಿಮೆಗೆ ಕೊಡಬೇಡಿ. 1965ರಿಂದ 1970ರವರೆಗೆ 40% ಮಾತ್ರ: 11.5 ಗ್ರಾಂ, ಬೆಳ್ಳಿ 0.1479 ಔನ್ಸ್. ನಿಮ್ಮ 1967 ಈ ಗುಂಪಿನದು. ಬಹಳ ಜನ ಇದನ್ನು ಬೆಳ್ಳಿಯಲ್ಲ ಅಂತ ಖರ್ಚು ಮಾಡಿಬಿಡ್ತಾರೆ. 1971ರಿಂದ ಚಲಾವಣೆಗೆ ಬಂದವು 11.34 ಗ್ರಾಂ, ಅಂಚಲ್ಲಿ ತಾಮ್ರದ ಗೆರೆ ಎದ್ದು ಕಾಣುತ್ತೆ. ಇವುಗಳಲ್ಲಿ ಬೆಳ್ಳಿ ಇಲ್ಲ, ನಿಮ್ಮ 1974 ಈ ಗುಂಪಿನದು.

ಫ್ರಾಂಕ್ಲಿನ್ 1948ರಿಂದ 1963ರವರೆಗೆ ಬಂತು. ಸವೆದಿದ್ರೆ ಬೆಳ್ಳಿ ಬೆಲೆ. ಹೊಸದರಂತಿದ್ರೆ ಹಿಂಬದಿಯ ಗಂಟೆಯ ಕೆಳಭಾಗದ ಅಡ್ಡಗೆರೆಗಳು ತುಂಡಾಗದೆ ಪೂರ್ತಿ ಇವೆಯಾ ನೋಡಿ, ಅದಕ್ಕೆ ಹೆಚ್ಚು ಕೊಡೋರಿದ್ದಾರೆ.

ನನಗೆ ಕುತೂಹಲ ಇರೋದು ನಿಮ್ಮ 1938ರ ಮೇಲೆ. ಅದು ವಾಕಿಂಗ್ ಲಿಬರ್ಟಿ, ಅಡಾಲ್ಫ್ ವೈನ್‌ಮನ್ ರಚಿಸಿದ್ದು, 1916ರಿಂದ 1947ರವರೆಗಿನದು. ನನ್ನ ಮಟ್ಟಿಗೆ ಅಮೆರಿಕದ ನಾಣ್ಯಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ. ಹದ್ದಿರುವ ಬದಿ ತಿರುಗಿಸಿ, ಗಡಿಯಾರದಲ್ಲಿ ಎಂಟು ಗಂಟೆ ಇರೋ ಜಾಗದಲ್ಲಿ ಅಂಚಿನ ಹತ್ತಿರ ಏನಾದ್ರೂ ಅಕ್ಷರ ಇದೆಯಾ?

ಪ್ರಶ್ನೆ: ಡಿ ಅಂತ ಇದೆ ಸರ್!

ಉತ್ತರ: ಹಾಗಾದ್ರೆ ಅದನ್ನು ಬೆಳ್ಳಿ ತೂಕಕ್ಕೆ ಕೊಡಲೇಬೇಡಿ. ಡೆನ್ವರ್ ಟಂಕಸಾಲೆ ಆ ವರ್ಷ ಹೊಡೆದಿದ್ದು 4,91,600 ಮಾತ್ರ. ಚೆನ್ನಾಗಿ ಸವೆದಿದ್ರೂ ಬೆಳ್ಳಿಗಿಂತ ಹೆಚ್ಚು ಸಿಗುತ್ತೆ. ಆದರೆ ಫಿಲಡೆಲ್ಫಿಯಾದ ಅಕ್ಷರವಿಲ್ಲದ 1938ಕ್ಕೆ ಡಿ ಅಂಟಿಸಿ ಮಾರೋರೂ ಇದ್ದಾರೆ. ಭೂತಗನ್ನಡಿ ಹಿಡಿದು ಅಕ್ಷರದ ಬುಡ ನೋಡಿ, ಅಂಟಿಸಿದ ಗೆರೆ ಕಾಣಬಾರದು. ಫೋಟೋದಲ್ಲಿ ನಾನು ಖಚಿತ ಹೇಳಲಾರೆ. ಇಬ್ಬರು ಡೀಲರ್‌ಗಳಿಗೆ ಖುದ್ದು ತೋರಿಸಿ. ಅಸಲಿ ಅಂದ್ರೆ, ನಾಣ್ಯ ಪರೀಕ್ಷಿಸಿ ದರ್ಜೆ ಕೊಡೋ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಗೆ ಕಳಿಸೋ ಮುಂಚೆ ಅವರ ಶುಲ್ಕ ನಾಣ್ಯದ ಬೆಲೆಯನ್ನೇ ತಿಂದುಬಿಡುತ್ತಾ ಅಂತ ಲೆಕ್ಕ ಹಾಕಿ.