‘ನಾನ್‌ಫಿಕ್ಷನ್’ ಕಪಾಟಿಗೆ ಕನ್ನಡದ ಹೆಸರು: ಶನಿವಾರದೊಳಗೆ ಬೇಕು

ಪ್ರಶ್ನೆ, ಸಕಲೇಶಪುರ ತಾಲ್ಲೂಕಿನಿಂದ

ಮಾನ್ಯರೇ,

ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಮಕ್ಕಳ ಹೊಸ ಪುಸ್ತಕಗಳ ಎರಡು ಪೆಟ್ಟಿಗೆ ಬಂದಿವೆ. ಒಂದರಲ್ಲಿ ಕತೆ, ಪದ್ಯ, ನಾಟಕಗಳಿದ್ದು, ಅವುಗಳ ಬಗ್ಗೆ ತಕರಾರಿಲ್ಲ. ಇನ್ನೊಂದರಲ್ಲಿ ಆನೆಯ ಹಿಂಡು ದಾರಿ ಹಿಡಿಯುವ ಬಗೆ, ತಿಂದ ಅನ್ನ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬ ವಿವರ, ಜೇನುಗೂಡು, ಮಣ್ಣು, ಉಪಗ್ರಹ, 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3, ಹೀಗೆ ‘ಏಕೆ, ಹೇಗೆ’ ಎಂದು ಕೇಳುತ್ತಲೇ ಇರುವ ಮಕ್ಕಳಿಗೆಂದು ಬರೆದ ಪುಸ್ತಕಗಳಿವೆ. ಇಂಗ್ಲಿಷಿನವರು ಇವನ್ನೆಲ್ಲ ನಾನ್‌ಫಿಕ್ಷನ್ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಕಪಾಟಿನ ಮೇಲೆ ಬರೆಸಲು ಕನ್ನಡದ ಪದ ಬೇಕಾಗಿದೆ. ಹಲಗೆ ಒಂದು ಗೇಣಿಗಿಂತ ಅಗಲವಿಲ್ಲ. ಒತ್ತಕ್ಷರ ಬಂದರೆ ಅದರ ಕಾಲು ಹಲಗೆಯಿಂದ ಕೆಳಗಿಳಿಯುತ್ತದೆ ಎಂದು ಹಲಗೆ ಬರೆಯುವವರು ಮೊದಲೇ ಎಚ್ಚರಿಸಿದ್ದಾರೆ. ಅವರು ಬರುವುದು ಶನಿವಾರ.

ಉತ್ತರ, ಹಾಸನದಿಂದ

‘ಕಥೇತರ’. ಕಥಾ ಮತ್ತು ಇತರ ಸೇರಿ ಗುಣಸಂಧಿಯಾಗಿದೆ. ಒತ್ತಕ್ಷರವೂ ಇಲ್ಲ. ಕೆಲವರು ‘ಕತೆಯೇತರ’ ಎಂದು ಬರೆಯುವುದುಂಟು. ಅದು ಅಶುದ್ಧ, ದಯವಿಟ್ಟು ಹಲಗೆಗೆ ಏರಿಸಬೇಡಿ. ‘ಅಕಾಲ್ಪನಿಕ’ ಎಂಬುದೂ ಬೇಡ, ಏಕೆಂದರೆ ಕಲ್ಪನೆಯಿಲ್ಲದೆ ವಿಜ್ಞಾನವನ್ನೂ ಬರೆಯಲಾಗದು. ಕೇಳುವ ಮಕ್ಕಳಿಗೂ ಹೆಸರೊಂದು ಬೇಕಿದ್ದರೆ ‘ಜಿಜ್ಞಾಸು’ ಇದೆ. ತಿಳಿಯಬೇಕೆಂಬ ಇಚ್ಛೆಯೇ ಜಿಜ್ಞಾಸೆ. ಅದು ಕನ್ನಡದಲ್ಲಿ ಮುಗಿಯದ ವಾದವೆಂಬ ಅರ್ಥಕ್ಕೆ ಇಳಿದಿರುವುದು ಆ ಪದದ ತಪ್ಪಲ್ಲ, ನಮ್ಮ ತಪ್ಪು.

ಉತ್ತರ, ಅರಸೀಕೆರೆಯಿಂದ

ಒಡನೋದುಗರೇ,

ಕನ್ನಡದಲ್ಲಿ ‘ಅರಿ’ ಎಂಬ ಬೇರು ಇರುವಾಗ ಸಕ್ಕದದ ಬಾಗಿಲು ತಟ್ಟುವುದೇಕೆ? ಅರಿವು, ಅರಿಕೆ, ಅರಿಮೆ ಎಲ್ಲವೂ ಅದರ ಚಿಗುರುಗಳೇ. ಹಲಗೆಯ ಮೇಲೆ ‘ಅರಿಮೆಯ ಹೊತ್ತಗೆಗಳು’ ಎಂದು ಬರೆಸಿರಿ. ಎರವಲು ನುಡಿಗೆ ಒಮ್ಮೆ ಮಣೆ ಹಾಕಿದರೆ ಮನೆಯವರು ಜಗಲಿಯಲ್ಲಿ ಕೂರಬೇಕಾಗುತ್ತದೆ. ನಮ್ಮ ಮಕ್ಕಳ ನಾಲಿಗೆ ‘ಥ’ವನ್ನು ಒಲ್ಲದು, ಅವರು ಆಡುವುದು ಕತೆ, ಬರೆಯುವಾಗ ಮಾತ್ರ ಬೆದರಿ ಕಥೆ.

ಉತ್ತರ, ಹಾಸನದಿಂದ

‘ಸಕ್ಕದ’ ಎಂಬುದು ‘ಸಂಸ್ಕೃತ’ದ ತದ್ಭವ. ‘ಹಲಗೆ’ ಎಂಬುದು ‘ಫಲಕ’ದ್ದು. ‘ಹೊತ್ತಗೆ’ ಎಂಬುದು ‘ಪುಸ್ತಕ’ದ್ದು. ಇವು ಶಾಲೆಯ ವ್ಯಾಕರಣ ಪುಸ್ತಕದ ಪಟ್ಟಿಯಲ್ಲೇ ಸಿಗುತ್ತವೆ. ಎರವಲನ್ನು ವಿರೋಧಿಸುವ ಐದಾರು ವಾಕ್ಯಗಳಲ್ಲಿ ಮೂರು ಎರವಲು. ಇನ್ನು, ತಿಳಿಯುವುದೆಂಬ ಅರ್ಥದ ‘ಅಱಿ’ಯಲ್ಲಿದ್ದುದು ಹಳಗನ್ನಡದ ಱ ಅಕ್ಷರ. ಅದನ್ನು ಕಳೆದುಕೊಂಡ ಮೇಲೆ ಬರಹದಲ್ಲಿ ಅದಕ್ಕೂ ಶತ್ರುವೆಂಬ ಅರ್ಥದ ಸಂಸ್ಕೃತ ‘ಅರಿ’ಗೂ ಭೇದ ಉಳಿದಿಲ್ಲ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆಯುವ ಅರಿಸಮಾಸದಲ್ಲಿ ಇರುವುದು ಆ ಎರಡನೆಯ ಅರಿ. ನಾಳೆ ಯಾರಾದರೂ ‘ಅರಿಮೆಸಾಹಿತ್ಯ’ ಎಂದು ಬರೆದರೆ ಎರಡೂ ಒಂದೇ ಪದದಲ್ಲಿ ಕೂಡಿಬರುತ್ತವೆ.

ಉತ್ತರ, ಅರಸೀಕೆರೆಯಿಂದ

ಹೊತ್ತಗೆಯೆಂದು ನಮ್ಮ ನಾಲಿಗೆಗೆ ಒಗ್ಗಿದ ಮೇಲೆ ಅದು ನಮ್ಮದೇ. ಒಗ್ಗಿಸಿಕೊಳ್ಳದೆ ಇಡಿಯಾಗಿ ಎತ್ತಿ ತರುವುದನ್ನು ನಾನು ಒಪ್ಪುವುದಿಲ್ಲ.

ಉತ್ತರ, ಚಿಕ್ಕಮಗಳೂರಿನಿಂದ

ಮಾನ್ಯರೇ,

ಎರವಲಿನ ಜಗಳವನ್ನು ಹಾಸನ ಜಿಲ್ಲೆಯವರೇ ಆಡುತ್ತಿರುವುದು ಸೋಜಿಗವಾಗಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗಿರುವ 16 ಸಾಲಿನ ಶಾಸನವೇ ಸಂಸ್ಕೃತ ಪದಗಳಿಂದ ಕಿಕ್ಕಿರಿದಿದ್ದು, ಅದೇ ಶಾಸನದಲ್ಲಿ ‘ಬಾಳ್ಗಳ್ಚು’ ಎಂಬ, ಕತ್ತಿ ತೊಳೆಯುವುದನ್ನು ಹೇಳುವ ಅಪ್ಪಟ ಕನ್ನಡದ ಮಾತೂ ಇದೆ. ಅವು ಅಂದೇ ಒಂದೇ ಕಲ್ಲಿನ ಮೇಲೆ ಜಗಳವಿಲ್ಲದೆ ಕೂತಿವೆ.

ನನ್ನ ಆಕ್ಷೇಪಣೆ ‘ಕಥೇತರ’ದ ಸಂಧಿಗಲ್ಲ, ಅದರ ‘ಇತರ’ಕ್ಕೆ. ಇಂಗ್ಲಿಷಿನ ಪದವೂ ಅಲ್ಲಗಳೆಯುವ ಪದವೇ; ಒಳಗೆ ಏನಿಲ್ಲ ಎಂಬುದನ್ನು ಹೇಳುತ್ತದೆಯೇ ಹೊರತು ಏನಿದೆ ಎಂಬುದನ್ನಲ್ಲ. ಬೆಲ್ಲದ ಡಬ್ಬಿಯ ಮೇಲೆ ‘ಉಪ್ಪಲ್ಲ’ ಎಂದು ಚೀಟಿ ಅಂಟಿಸುವ ಗೃಹಿಣಿಯನ್ನು ನಾನು ಕಂಡಿಲ್ಲ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗೆಂದು ಮೂರು ಸಂಪುಟಗಳನ್ನು ತಂದಾಗ ‘ಬಾಲಪ್ರಪಂಚ’ ಎಂದರು. ನಿರಂಜನರ ಸಂಪಾದಕತ್ವದ ಏಳು ಸಂಪುಟಗಳು ‘ಜ್ಞಾನಗಂಗೋತ್ರಿ’ ಎನಿಸಿದವು. ಇಬ್ಬರಿಗೂ ‘ಇತರ’ದ ಹಂಗು ಬೇಕಾಗಲಿಲ್ಲ.

ಇನ್ನೊಂದು ತೊಡಕಿದೆ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಬಾಳಿದ ತೇಜಸ್ವಿಯವರು ಕಾಡು, ಹಕ್ಕಿ, ನಾಯಿ, ಮೀನುಗಳ ಒಡನಾಟವನ್ನು ಬರೆದ ಪುಸ್ತಕಕ್ಕೆ ‘ಪರಿಸರದ ಕತೆ’ ಎಂದೇ ಹೆಸರಿಟ್ಟರು. ಅದನ್ನು ‘ಕಥೇತರ’ ಎಂಬ ಹಲಗೆಯ ಕೆಳಗಿಟ್ಟರೆ, ಹೊದಿಕೆಯ ಮೇಲಿನ ಮಾತನ್ನು ಕಪಾಟಿನ ಮೇಲಿನ ಮಾತು ಸುಳ್ಳು ಮಾಡುತ್ತದೆ. ಕನ್ನಡದಲ್ಲಿ ‘ಕತೆ’ ಎಂದರೆ ಕಟ್ಟುಕತೆಯಷ್ಟೇ ಅಲ್ಲ. ‘ನಮ್ಮ ಮನೆಯ ಕತೆ ಕೇಳಿ’ ಎಂದು ಬಸ್ಸಿನಲ್ಲಿ ಪಕ್ಕದವರು ಶುರುಮಾಡಿದರೆ ಅವರು ಕಾದಂಬರಿ ಹೇಳುತ್ತಿದ್ದಾರೆಂದು ಯಾರೂ ತಿಳಿಯುವುದಿಲ್ಲ. ಹಾಗಾಗಿ ಕತೆ ಮತ್ತು ಕತೆಯಲ್ಲದ್ದು ಎಂಬ ಗೆರೆಯೇ ನಮ್ಮ ಭಾಷೆಯಲ್ಲಿ ಸರಿಯಾಗಿ ಕೂರದು.

ಗ್ರಂಥಾಲಯದವರ ಗೆರೆಯೂ ಅಷ್ಟೇನೂ ನೇರವಾಗಿಲ್ಲ. ನಾನು ಬಹಳ ವರ್ಷ ಪುಸ್ತಕಗಳ ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸಿದವನು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವು ಇಂದು ಇರುವ ರೂಪದಲ್ಲಿ ಜನಪದ ಕತೆಗಳಿಗೆ 398.2 ಎಂಬ ಸಂಖ್ಯೆ ಕೊಡುತ್ತದೆ. ಹೀಗೆ, ಕಟ್ಟುಕತೆಯದೇ ಆದರೂ ಮಾತನಾಡುವ ನರಿಯು ಹಬ್ಬ, ಮದುವೆಗಳ ಆಚರಣೆಯ ಪುಸ್ತಕಗಳ ನೆರೆಯಲ್ಲಿ, ವಿಜ್ಞಾನಕ್ಕೆ ಮೀಸಲಾದ 500ಕ್ಕಿಂತ ಮೊದಲೇ ಜಾಗ ಹಿಡಿದಿದೆ.

ಹೊರಗಿನ ಫಲಕದಲ್ಲಿ ‘ಅರಿವು’ ಆಗಲೇ ಇರುವುದರಿಂದ ಒಳಗಿನ ಕಪಾಟಿಗೂ ಅದನ್ನೇ ಬರೆದರೆ ಉಳಿದ ಕಪಾಟುಗಳಲ್ಲಿ ಅರಿವಿಲ್ಲವೆಂದಾಗುತ್ತದೆ. ಪ್ರಶ್ನೆ ಕೇಳಿದವರಿಗೆ ನನ್ನ ಮರುಪ್ರಶ್ನೆ ಇಷ್ಟೇ: ಆ ಪುಸ್ತಕಗಳನ್ನು ಮಕ್ಕಳು ಏನೆಂದು ಕೇಳುತ್ತಾರೆ?

ಮರುನುಡಿ, ಸಕಲೇಶಪುರ ತಾಲ್ಲೂಕಿನಿಂದ

ಮಾನ್ಯರೇ,

ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಪೆಟ್ಟಿಗೆ ಬಿಚ್ಚಿದ ದಿನವೇ ಉತ್ತರ ನನ್ನ ಕಿವಿಗೆ ಬಿದ್ದಿತ್ತು. ಐದನೆಯ ತರಗತಿಯ ಹುಡುಗಿಯೊಬ್ಬಳು ಉಪಗ್ರಹಗಳ ಪುಸ್ತಕ ತೆರೆದು, ಭೂಸ್ಥಿರ ಉಪಗ್ರಹವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದು ಭೂಮಿಯ ಜೊತೆಗೇ ಸುತ್ತುತ್ತದೆ ಎಂಬ ಪುಟದ ಮೇಲೆ ಬೆರಳಿಟ್ಟು, ‘ಮಿಸ್, ಇದು ನಿಜವಾ?’ ಎಂದಳು. ನಿಜವೆಂದೆ, ಅಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲೇ, ಸಾಲಗಾಮೆ ರಸ್ತೆಯಲ್ಲಿದೆ ಎಂದೆ. ಅವಳು ಪುಸ್ತಕವನ್ನು ಎದೆಗೊತ್ತಿಕೊಂಡು, ‘ಇಂಥ ನಿಜದ್ದು ಇನ್ನೂ ಇದ್ದರೆ ಕೊಡಿ’ ಎಂದಳು. ಆದ್ದರಿಂದ ‘ನಿಜ’ ಎಂಬುದನ್ನೇ ಬರೆಸೋಣವೆಂದಿದ್ದೇನೆ. ಎರಡಕ್ಷರ, ಒತ್ತಿಲ್ಲ.

ಉತ್ತರ, ಹಾಸನದಿಂದ

ಸಂಸ್ಕೃತದಲ್ಲಿ ‘ನಿಜ’ ಎಂದರೆ ‘ತನ್ನ’ ಎಂದು. ಕಾವ್ಯದಲ್ಲಿ ‘ನಿಜಸುತ’ ಎಂದರೆ ಸತ್ಯವಂತ ಮಗನಲ್ಲ, ತನ್ನ ಮಗ. ಹಲಗೆಯಲ್ಲಿ ಬರೀ ‘ನಿಜ’ ಎಂದಿದ್ದರೆ ತಿಳಿದವರು ನಗುತ್ತಾರೆ.

ಉತ್ತರ, ಅರಸೀಕೆರೆಯಿಂದ

ಎರವಲು ಪಡೆದು, ಹುರುಳನ್ನೇ ಬದಲಿಸಿ ನಮ್ಮದಾಗಿಸಿಕೊಂಡ ನುಡಿಯಿದು. ನನ್ನ ಒಪ್ಪಿಗೆಯಿದೆ.

ಮರುನುಡಿ, ಸಕಲೇಶಪುರ ತಾಲ್ಲೂಕಿನಿಂದ

ಎಲ್ಲರಿಗೂ ವಂದನೆಗಳು. ಹಲಗೆಗೆ ‘ನಿಜ ಸಂಗತಿ’ ಎಂದು ಬರೆಸಿದೆ. ‘ಪರಿಸರದ ಕತೆ’ಯ ಎರಡು ಪ್ರತಿಗಳಿದ್ದುದರಿಂದ ಎರಡೂ ಕಪಾಟಿನಲ್ಲಿ ಒಂದೊಂದನ್ನು ಇಟ್ಟಿದ್ದೇನೆ. ಪಕ್ಕದ ಕಪಾಟಿಗೆ ‘ಕತೆ’ಯೋ ‘ಕಥೆ’ಯೋ ಎಂದು ಇಲ್ಲಿ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಬರೆಯುವವರು ತಮಗೆ ತೋಚಿದ್ದನ್ನು ಬರೆದು, ಕುಂಚ ತೊಳೆದು ಹೊರಟುಹೋಗಿದ್ದಾರೆ. ಯಾವುದೆಂದು ಹೇಳುವುದಿಲ್ಲ.